ಉದುರಿದ್ದೋ, ತುಂಡಾಗಿದ್ದೋ?

ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ "ಕೂದಲು ಉದುರುತ್ತಿದೆ" ಅಂದು ನೋಡಿ. ಥಟ್ಟನೆ ಬರುವ ಪ್ರಶ್ನೆ ಒಂದೇ: "ನಿಮ್ಮನೇಲಿ ಬೋರ್ ನೀರಾ, ಕಾವೇರಿನಾ?" ಬೋರ್ ಅಂದಿರೋ, ಮುಗೀತು, ತೀರ್ಪು ಬಂದಾಯಿತು. ತೀರ್ಥಹಳ್ಳಿ ಬಿಟ್ಟು ಇಲ್ಲಿಗೆ ಬಂದ ಮೇಲೆ ನಾನೂ ಈ ತೀರ್ಪನ್ನು ಎಷ್ಟೋ ಜನರಿಗೆ ಧಾರಾಳವಾಗಿ ಹಂಚಿದ್ದೇನೆ.

ಕಳೆದ ವರ್ಷ ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ಹತ್ತು ದಿನ ಮಲಗಿದೆ, ಎದ್ದೆ, ಮರೆತೂಬಿಟ್ಟೆ. ದೀಪಾವಳಿ ಹೊತ್ತಿಗೆ ದಿಂಬಿನ ಮೇಲೆ, ಸಾರಿನಲ್ಲಿ, ಮಗನ ಯೂನಿಫಾರ್ಮ್ ಮೇಲೆ, ಎಲ್ಲಿ ನೋಡಿದರೂ ನನ್ನದೇ ಕೂದಲು. ಹಬ್ಬಕ್ಕೆ ಅಕ್ಕನ ಮಗಳು ಪಿಜಿಯಿಂದ ಬಂದಿದ್ದಳು. ಅವಳದೂ ಅದೇ ಗೋಳು. "ಚಿಕ್ಕಿ, ಇನ್ನೊಂದು ವರ್ಷಕ್ಕೆ ನಾನು ಬೋಳಿ" ಅಂತ ಮುಖ ಊದಿಸಿಕೊಂಡಿದ್ದಳು.

ನರಕ ಚತುರ್ದಶಿಯ ಎಣ್ಣೆ ಸ್ನಾನ ಮುಗಿಸಿ ಇಬ್ಬರೂ ಬಾಲ್ಕನಿಯಲ್ಲಿ ಪೇಪರ್ ಹಾಸಿಕೊಂಡು ತಲೆ ಬಾಚಲು ಕೂತೆವು. ಎರಡು ಗುಡ್ಡೆ ಬಿತ್ತು. ಸುಮ್ನೆ ಕುತೂಹಲಕ್ಕೆ ನೋಡಿದೆ. ನನ್ನ ಗುಡ್ಡೆಯಲ್ಲಿ ಎಲ್ಲವೂ ಸೊಂಟದುದ್ದದ ಪೂರ್ತಿ ಎಳೆಗಳು. ಅವಳದರಲ್ಲಿ ಒಂದು ಬೆರಳುದ್ದ, ಒಂದು ಗೇಣುದ್ದ, ಒಂದು ರೆಪ್ಪೆಯಷ್ಟು. ಕತ್ತರಿ ಆಡಿಸಿದ ಹಾಗೆ.

ನನ್ನದೊಂದು ಎಳೆಯನ್ನು ಬೆಳಕಿಗೆ ಹಿಡಿದೆ. ಒಂದು ತುದಿಯಲ್ಲಿ ಪುಟ್ಟ ಬಿಳಿ ಚುಕ್ಕೆ, ಗಸಗಸೆ ಕಾಳಿಗಿಂತ ಸಣ್ಣದು. ಎದೆ ಧಸಕ್ಕೆಂದಿತು. ಬೇರು ಸಮೇತ ಕಿತ್ತು ಬಂದಿದೆ, ಇನ್ನು ಅಲ್ಲಿ ಹುಟ್ಟಲ್ಲ ಅಂತ. ಅವಳ ತುಂಡುಗಳಲ್ಲಿ ಈ ಚುಕ್ಕೆ ಇರಲಿಲ್ಲ. ಎರಡೂ ತುದಿ ಬರೀ ಎಳೆಯೇ, ಕೆಲವು ಪೊರಕೆ ಕಡ್ಡಿಯ ಹಾಗೆ ಸೀಳಿದ್ದವು. "ನಿನ್ನದು ಬೇರಲ್ಲಿ ಗಟ್ಟಿ ಇದೆ, ಬಿಡು" ಅಂತ ಸಮಾಧಾನ ಮಾಡಿದೆ. ನನಗೆ ನಾನೇ ಶ್ರದ್ಧಾಂಜಲಿ ಸಲ್ಲಿಸಿಕೊಂಡೆ.

ಭಯದಲ್ಲಿ ಮಾಡಬಾರದ್ದನ್ನೇ ಮಾಡಿದೆ. ಒಂದು ಹೇರ್ ಕ್ಲಿನಿಕ್‌ಗೆ ಹೋದೆ. ಕಂಪ್ಯೂಟರ್‌ನಲ್ಲಿ ನನ್ನ ಬೈತಲೆಯನ್ನು ಟಾರ್ ರಸ್ತೆಯಷ್ಟು ಅಗಲ ಮಾಡಿ ತೋರಿಸಿದರು. ಜ್ವರ ಬಂದಿತ್ತಾ, ಮಾತ್ರೆ ಏನಾದರೂ ತಗೊಳ್ತೀರಾ, ಒಂದು ಪ್ರಶ್ನೆಯೂ ಇಲ್ಲ. ಆರು ತಿಂಗಳ ಪ್ಯಾಕೇಜು, ಇವತ್ತೇ ಕಟ್ಟಿದರೆ ಡಿಸ್ಕೌಂಟು. ಅಡ್ವಾನ್ಸ್ ಕಟ್ಟಿ ಬಂದೆ. ಅದು ವಾಪಸ್ ಬರಲಿಲ್ಲ, ಆ ಕಥೆ ಇನ್ನೊಂದು ದಿನ.

ಆಮೇಲೆ ನೋಡಿದ್ದು ಚರ್ಮರೋಗದ ಡಾಕ್ಟರನ್ನು. ಅವರು ಐವತ್ತು ಅರವತ್ತು ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು, ಬಂದದ್ದನ್ನು ಎಣಿಸಿದರು, ಬಿಳಿ ಚುಕ್ಕೆ ನೋಡಿದರು. ನಕ್ಕರು. "ಇದು ಬೇರಲ್ಲಮ್ಮ. ಬೆಳೆದು ಮುಗಿದ ಕೂದಲಿನ ಬುಡ. ಬೇರು ಚರ್ಮದೊಳಗೇ ಕೂತಿದೆ, ಅಲ್ಲಿಂದಲೇ ಹೊಸದು ಬರುತ್ತೆ."

ಅವರು ಹೇಳಿದ್ದು ಹೀಗೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಒಂದೊಂದೂ 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ ಎರಡು ಮೂರು ತಿಂಗಳು ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಕೂತಿದ್ದು ಉದುರುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಬೀಳುವುದು ಮಾಮೂಲು. ಜೋರು ಜ್ವರ, ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು, ಇಂಥದ್ದೇನಾದರೂ ಆದರೆ ಬೆಳೆಯಬೇಕಾದ ಕೂದಲೂ ಒಟ್ಟಿಗೆ ಕೆಲಸ ನಿಲ್ಲಿಸಿಬಿಡುತ್ತವೆ. ಬೀಳುವುದು ಮಾತ್ರ ಎರಡು ಮೂರು ತಿಂಗಳ ನಂತರ. ಅಷ್ಟರಲ್ಲಿ ನಾವು ಜ್ವರ ಮರೆತಿರುತ್ತೇವೆ, ಹೊಸ ಶಾಂಪೂವನ್ನೋ ನೀರನ್ನೋ ಬೈಯುತ್ತಿರುತ್ತೇವೆ.

ನಮ್ಮಜ್ಜಿ ಹೇಳುತ್ತಿದ್ದರು, ಮಗು ತಾಯಿ ಮುಖ ನೋಡಿ ನಗೋಕೆ ಶುರು ಮಾಡಿದಾಗ ಬಾಣಂತಿ ಕೂದಲು ಉದುರುತ್ತೆ ಅಂತ. ಲೆಕ್ಕ ಹಾಕಿ ನೋಡಿ, ಅದೂ ಎರಡು ಮೂರು ತಿಂಗಳೇ. ಕಾರಣ ತಪ್ಪಿರಬಹುದು, ಕ್ಯಾಲೆಂಡರ್ ಸರಿಯಾಗಿತ್ತು.

ನನಗೆ ರಕ್ತಪರೀಕ್ಷೆ ಬರೆದರು: ಹಿಮೋಗ್ಲೋಬಿನ್, ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದಂಶ ಎಷ್ಟಿದೆ ಅಂತ), ಥೈರಾಯ್ಡ್. ಕಬ್ಬಿಣದಂಶ ಕಮ್ಮಿ ಇತ್ತು, ಅದಕ್ಕೆ ಮಾತ್ರೆ. ಉಳಿದಂತೆ ಕಾಯಬೇಕು, ಅಷ್ಟೇ. ಹಾಗಂತ ಎಲ್ಲ ಉದುರುವಿಕೆಗೂ ಕಾಯೋದೇ ಮದ್ದಲ್ಲ. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ಗಂಡಸರಿಗೆ ಹಣೆಯ ಎರಡೂ ಮೂಲೆ ಹಿಂದೆ ಸರಿಯುತ್ತಿದ್ದರೆ, ನಾಣ್ಯದಂತೆ ದುಂಡಗೆ ಬೋಳಾದರೆ (ಹುಳ ತಿಂದಿದೆ ಅಂತೀವಲ್ಲ, ಅಲ್ಲಿ ಹುಳ ಗಿಳ ಏನೂ ಇರಲ್ಲ) ಬೇಗ ತೋರಿಸಬೇಕು.

ಈಗ ಅಕ್ಕನ ಮಗಳ ಗುಡ್ಡೆಗೆ ಬರೋಣ. ಅವಳ ಬುಡಕ್ಕೆ ಏನೂ ಆಗಿರಲಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅವಳದೂ ಬೆಳೆಯುತ್ತಿತ್ತು. ಕೆಳಗೆ ಅಷ್ಟೇ ಉದ್ದ ಮುರಿಯುತ್ತಿತ್ತು. "ನನ್ನ ಕೂದಲು ಬೆಳೆಯೋದೇ ಇಲ್ಲ" ಅನ್ನುವವರಲ್ಲಿ ಎಷ್ಟೋ ಜನರ ಕಥೆ ಇದೇ.

ಒಂದು ಬೆಳಿಗ್ಗೆ ಅವಳು ರೆಡಿಯಾಗುವುದನ್ನು ನೋಡುತ್ತಾ ನಿಂತೆ. ಎಂಟು ಗಂಟೆಗೆ ತಲೆಸ್ನಾನ. ಬಗ್ಗಿ ನಿಂತು ಟವೆಲ್‌ನಿಂದ ಪಟಪಟ ಬಡಿತ. ಒದ್ದೆ ಕೂದಲಿಗೆ ಬುಡದಿಂದಲೇ ಸಣ್ಣ ಹಲ್ಲಿನ ಬಾಚಣಿಗೆ, ಸಿಕ್ಕು ಬಿಡಿಸುವಾಗ ಟಕ್ ಟಕ್ ಅಂತ ಸದ್ದು. ಇನ್ನೂ ಪೂರ್ತಿ ಆರಿರಲಿಲ್ಲ, ಸ್ಟ್ರೇಟ್ನರ್ ಇಟ್ಟಳು. ಕಾದ ದೋಸೆ ಹಂಚಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಅಂತು. ಎಳೆಯೊಳಗಿನ ನೀರು ಕುದಿಯುವ ಸದ್ದು ಅದು. ಒಳಗೆ ಗುಳ್ಳೆಯೆದ್ದು ಕೂದಲು ಅಲ್ಲೇ ಟೊಳ್ಳಾಗುತ್ತದೆ, ಮುಂದೆ ಅಲ್ಲೇ ಮುರಿಯುತ್ತದೆ. ಇಷ್ಟಾದ ಮೇಲೆ ಅವಳು ತೆಗೆದುಕೊಳ್ಳುತ್ತಿದ್ದದ್ದು ಕೂದಲಿಗೆ ಅಂತ ಮಾರುವ ವಿಟಮಿನ್, ಬಯೋಟಿನ್ ಮಾತ್ರೆ!

ನನಗೆ ಸಿಟ್ಟು ಬರುವುದು ಇಲ್ಲೇ. ಬುಡದಿಂದ ಬಿದ್ದರೂ ಉದುರೋದು, ನಡುವೆ ಮುರಿದರೂ ಉದುರೋದು. ಎರಡಕ್ಕೂ ನಾವು ಬಳಸುವುದು ಒಂದೇ ಮಾತು. ಬಾಟಲಿ ಮಾರುವವರಿಗೆ ಇನ್ನೇನು ಬೇಕು? ಮುರಿಯುವುದಕ್ಕೆ ಹೊಟ್ಟೆಗೆ ಮಾತ್ರೆ, ಜ್ವರದಿಂದ ಉದುರುವುದಕ್ಕೆ ತಲೆಗೆ ಎಣ್ಣೆ. ಎರಡೂ ತಪ್ಪು ವಿಳಾಸಕ್ಕೆ ಹೋದ ಪಾರ್ಸೆಲ್ಲು.

ಕೊಬ್ಬರಿ ಎಣ್ಣೆಯನ್ನು ಮಾತ್ರ ಬೈಯಲಾರೆ. ಅದು ಎಳೆಯ ಒಳಗೆ ಇಳಿಯುತ್ತದೆ, ತೊಳೆಯುವಾಗ ಕೂದಲಿನ ಪ್ರೋಟೀನ್ ಜಾಸ್ತಿ ಹೋಗದ ಹಾಗೆ ತಡೆಯುತ್ತದೆ. ಅಂದರೆ ಅಕ್ಕನ ಮಗಳಿಗೆ ಅದರಿಂದ ಉಪಯೋಗ ಇತ್ತು. ನನ್ನ ತಲೆಯಲ್ಲಿ ಹೊಸ ಕೂದಲು ಹುಟ್ಟಿಸುವ ಕೆಲಸ ಅದರದ್ದಲ್ಲ. ಬೋರ್ ನೀರಿನದೂ ಇಷ್ಟೇ. ಅದರ ಸುಣ್ಣದಂಶ ಎಳೆಯ ಮೇಲೆ ಕೂತು ಒರಟು ಮಾಡುತ್ತದೆ, ಸಿಕ್ಕು ಹೆಚ್ಚುತ್ತದೆ, ಎಳೆದಾಗ ಮುರಿಯುತ್ತದೆ. ಚರ್ಮದೊಳಗಿನ ಬೇರನ್ನು ಅದು ಕೀಳುವುದಿಲ್ಲ.

ಊರಲ್ಲಿ ಬಾಚಿದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆ ಸಂದಿಗೆ ಸಿಕ್ಕಿಸಿಟ್ಟು, ಕೂದಲು ಕೊಳ್ಳುವವನು ಬಂದಾಗ ಪಾತ್ರೆಗೋ ಹೇರ್‌ಪಿನ್ನಿಗೋ ಕೊಡುತ್ತಿದ್ದರು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲನ್ನು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸುವುದೇ ದೊಡ್ಡ ಕಸುಬು. ಬೆಲೆ ಇರುವುದು ಉದ್ದಕ್ಕೆ. ಆವತ್ತಿನ ನನ್ನ ಗುಡ್ಡೆಗೆ ಒಂದು ಲೋಟವಾದರೂ ಸಿಗುತ್ತಿತ್ತು, ಅವಳ ತುಂಡುಗಳಿಗೆ ಪಿನ್ನೂ ಇಲ್ಲ ಅಂತ ರೇಗಿಸಿದೆ. ಅದಕ್ಕೇ ಇರಬೇಕು, ಸೀಳಿದ ತುದಿ ಕತ್ತರಿಸಿಕೊಳ್ಳಲು ಒಪ್ಪಿದಳು. ಸೀಳಿದ್ದನ್ನು ಖಾಯಂ ಆಗಿ ಅಂಟಿಸುವ ಸೀರಮ್ ಯಾವುದೂ ಇಲ್ಲ. ಈಗ ಸ್ಟ್ರೇಟ್ನರ್ ಮದುವೆ ಮುಂಜಿಗೆ ಮಾತ್ರ. ಬಾಚುವುದು ತುದಿಯಿಂದ ಮೇಲಕ್ಕೆ, ಅಗಲ ಹಲ್ಲಿನ ಬಾಚಣಿಗೆಯಲ್ಲಿ.

ನನ್ನದು ಯುಗಾದಿ ಹೊತ್ತಿಗೆ ನಿಂತಿತು. ಹಣೆಯ ಅಂಚಿನಲ್ಲಿ ಒಂದೂವರೆ ಇಂಚಿನ ಹೊಸ ಕೂದಲು, ತುದಿ ಸೂಜಿಯಂತೆ ಚೂಪು, ಎಣ್ಣೆ ಹಚ್ಚಿದರೂ ಕೂರದೆ ಮುಳ್ಳುಹಂದಿಯ ಹಾಗೆ ನೆಟ್ಟಗೆ ನಿಂತಿದ್ದವು. ಬೇವು ಬೆಲ್ಲ ಕೊಡಲು ಪಕ್ಕದ ಮನೆಗೆ ಹೋದರೆ ಅಲ್ಲಿನ ಆಂಟಿ ನನ್ನ ಹಣೆಯನ್ನೇ ನೋಡಿ ಲೊಚಗುಟ್ಟಿದರು.

"ಅಯ್ಯೋ, ಮುಂದಗಡೆ ಎಲ್ಲಾ ತುಂಡಾಗಿ ಹೋಗಿದೆಯಲ್ರೀ. ನಿಮ್ಮದು ಬೋರ್ ನೀರಾ?"