ಬ್ಲೂಟೂತ್‌ನಲ್ಲಿ ಸಿಡಿ ಗುಣಮಟ್ಟವೇ?

ಹಾಡಿನ ಆ್ಯಪ್‌ನಲ್ಲಿ ಲಾಸ್‌ಲೆಸ್ (ದನಿಯಲ್ಲಿ ಏನೂ ಕಳೆಯದ) ಪ್ಲಾನ್ ಹಾಕಿಸಿಕೊಂಡರೆ ಬ್ಲೂಟೂತ್ ಇಯರ್‌ಬಡ್‌ನಲ್ಲೂ ಸಿಡಿ ಗುಣಮಟ್ಟ ಸಿಗುತ್ತದೆ ಅಂತ ಬರೆದಿದ್ದೀರಲ್ಲ, ಅದೊಂದು ಮಾತು ಒಪ್ಪಲಾಗದು ಸ್ವಾಮಿ. ಸಿಡಿ ಅಂದರೆ ಸೆಕೆಂಡಿಗೆ 1,411 ಕಿಲೋಬಿಟ್. ಬ್ಲೂಟೂತ್‌ನ ಮಾಮೂಲಿ ಎಸ್‌ಬಿಸಿ ಕೋಡೆಕ್ (ಕೋಡೆಕ್ ಅಂದರೆ ಹಾಡನ್ನು ಕಳಿಸಲು ಚಿಕ್ಕದು ಮಾಡುವ ವಿಧಾನ) ಸಾಧಾರಣವಾಗಿ 328ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಸೋನಿಯವರ ಎಲ್‌ಡ್ಯಾಕ್ ಕೋಡೆಕ್ ಕೂಡ ಹೆಚ್ಚೆಂದರೆ 990. ಅಂದರೆ ಇಡಿಯಾಗಿ ಇಳಿದು ಬಂದ ಹಾಡನ್ನು ಕಿವಿಗೆ ದಾಟಿಸುವ ಮುಂಚೆ ನಿಮ್ಮ ಫೋನೇ ಮತ್ತೆ ಹಿಂಡಿ ಒಂದಿಷ್ಟು ಕಳೆಯುತ್ತದೆ. ಏನೂ ಕಳೆಯದೆ ದಾಟಿಸುವ ಕೋಡೆಕ್ ಇಲ್ಲವೆಂದಲ್ಲ. ಅದು ಫೋನು, ಇಯರ್‌ಬಡ್ ಎರಡರಲ್ಲೂ ಇರಬೇಕು.

ನಾನು ದಿನಾ ಡೊಂಬಿವಲಿಯಿಂದ ದಾದರ್‌ಗೆ ಮುಂಬೈಯ ಫಾಸ್ಟ್ ಲೋಕಲ್ ರೈಲಿನಲ್ಲಿ ಹೋಗುವವನು. ಬಾಗಿಲಲ್ಲಿ ಗಾಳಿಯ ಅಬ್ಬರ, ಒಳಗೆ ಭಜನಾ ಮಂಡಳಿಯವರ ತಾಳ (ಚೆನ್ನಾಗಿಯೇ ಹಾಡುತ್ತಾರೆ, ಅದು ಬೇರೆ ಮಾತು). ಅಲ್ಲಿ ಸೆಕೆಂಡಿಗೆ 320 ಕಿಲೋಬಿಟ್‌ನ ಹಾಡು ಸಾಕೋ ಸಾಕು, ಗಂಟೆಗೆ 144 ಎಂಬಿಯಲ್ಲಿ ಮುಗಿಯುತ್ತದೆ.

ರಾತ್ರಿ ಫ್ಯಾನ್ ಆರಿಸಿ, ವೈರ್ ಇರುವ ಹೆಡ್‌ಫೋನ್ ಹಾಕಿಕೊಂಡು ಕೂತಾಗ ನನಗೆ ಗೊತ್ತಾದ ವ್ಯತ್ಯಾಸವೇ ಬೇರೆ. ಮಲ್ಲಿಕಾರ್ಜುನ ಮನ್ಸೂರರ ಒಂದೇ ಹಳೇ ರೆಕಾರ್ಡಿಂಗ್ ಆ್ಯಪ್‌ನಲ್ಲಿ ಎರಡು ಆಲ್ಬಮ್ಮಿನಲ್ಲಿದೆ. ಒಂದರಲ್ಲಿ ಕೊರಕೊರ ಸದ್ದಿದೆ, ತಂಬೂರಿಯೂ ಇದೆ. ಇನ್ನೊಂದರಲ್ಲಿ ಸದ್ದು ತೆಗೆಯುವ ಭರಕ್ಕೆ ತಂಬೂರಿಯನ್ನೇ ಒರೆಸಿಹಾಕಿದ್ದಾರೆ, ದನಿ ಬಾವಿಯೊಳಗಿಂದ ಬಂದಂತೆ. ಲಾಸ್‌ಲೆಸ್ ಅನ್ನುವ ಗುರುತು ಇರುವುದು ಈ ಎರಡನೆಯದಕ್ಕೇ!