ತಂಪಾಗಿರೋ ಥರ್ಮೋಸ್ಟಾಟ್ ಕೊಡಿ

ಭಾವನ ಲಾರಿ ಮಂಗಳೂರಿಂದ ಲೋಡ್ ಹೊತ್ತು ಶಿರಾಡಿ ಘಾಟಿ ಹತ್ತುವಾಗಲೆಲ್ಲ ಎಂಜಿನ್ ಹೀಟು ತೋರಿಸುವ ಗೇಜಿನ ಮುಳ್ಳು ಕೆಂಪಿಗೆ ಹೋಗಿ ಕೂರುತ್ತಿತ್ತು. ಹಾಸನದಲ್ಲಿ ಸಲಹೆಗೆ ಬರವೇ? ಟೀ ಅಂಗಡಿಯವರಿಂದ ಪಂಕ್ಚರ್ ಹಾಕುವವರ ತನಕ ಎಲ್ಲರದ್ದೂ ಒಂದೇ ಮಾತು: "ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್."

ನಾನು ಅಡ್ಡ ಬಂದೆ. ಥರ್ಮೋಸ್ಟಾಟ್ ಅಂದರೆ ಎಂಜಿನ್ನಿನ ನೀರು ಬಿಸಿಯಾದಾಗ ಅದನ್ನು ತಣಿಸುವ ರೇಡಿಯೇಟರಿಗೆ ಬಿಡುವ ವಾಲ್ವ್. ಕೆಲವು ಎಂಜಿನ್‌ಗಳಲ್ಲಿ ಅದು ರೇಡಿಯೇಟರಿನ ದಾರಿ ತೆರೆಯುವಾಗಲೇ ಬೈಪಾಸ್ ದಾರಿ ಮುಚ್ಚುತ್ತದೆ. ಅದನ್ನೇ ಕಿತ್ತರೆ ಬಿಸಿ ನೀರಿನಲ್ಲಿ ಒಂದಷ್ಟು ರೇಡಿಯೇಟರ್ ಕಡೆ ತಲೆಯೇ ಹಾಕದೆ ಎಂಜಿನ್ನಲ್ಲೇ ಸುತ್ತುತ್ತಿರುತ್ತದೆ. ಹೀಟು ಇನ್ನೂ ಜಾಸ್ತಿ. ಭಾವ ರಾಜಿಗೆ ಬಂದರು. "ಆಯ್ತು, ಕೀಳೋದು ಬೇಡ. ತಂಪಾಗಿರೋದು ಹಾಕೋಣ."

ಸ್ಪೇರ್ ಪಾರ್ಟ್ಸ್ ಅಂಗಡಿಯವರು, "82 ಬೇಕೋ, 71 ಬೇಕೋ?" ಅಂದರು.

"60 ಇಲ್ವಾ?" ಎಂದರು ಭಾವ, ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವ ಹಾಗೆ.

ಆ ನಂಬರು ವಾಲ್ವ್ ಬಾಯಿ ಬಿಡಲು ಶುರು ಮಾಡುವ ಡಿಗ್ರಿ, ಅಷ್ಟೇ. ಒಳಗಿನ ಮೇಣ ಬಿಸಿಗೆ ಕರಗಿ, ಉಬ್ಬಿ, ವಾಲ್ವನ್ನು ತೆರೆಸುತ್ತದೆ. 82ರದ್ದು ಸುಮಾರು 95ಕ್ಕೆ ಪೂರ್ತಿ ತೆರೆಯುತ್ತದೆ. ಮುಳ್ಳು ಕೆಂಪು ಮುಟ್ಟುವ ಹೊತ್ತಿಗೆ 82ರದ್ದಾದರೂ ಒಂದೇ, 71ರದ್ದಾದರೂ ಒಂದೇ. ಆಮೇಲಿನದ್ದು ರೇಡಿಯೇಟರು, ಫ್ಯಾನಿನ ಪಾಡು. ಇಷ್ಟನ್ನೂ ಕೌಂಟರಿನ ಮುಂದೆ ನಿಂತು ವಿವರಿಸಿದೆ. ಅಂಗಡಿಯವರು ತಲೆ ಆಡಿಸುತ್ತಲೇ 71ಕ್ಕೆ ಬಿಲ್ ಹಾಕಿದರು.

ಹಳೆಯದು ಕೆಟ್ಟಿದೆಯೋ ಇಲ್ಲವೋ ನೋಡೋಣ ಅಂತ ಅಕ್ಕನ ಹಾಲಿನ ಪಾತ್ರೆಯಲ್ಲಿ ನೀರು ಕಾಯಿಸಲಿಟ್ಟು, ತಳಕ್ಕೆ ತಾಗದ ಹಾಗೆ ಅದನ್ನು ದಾರ ಕಟ್ಟಿ ಇಳಿಬಿಟ್ಟೆವು. ಭಾವ ಜ್ವರ ನೋಡುವ ಥರ್ಮಾಮೀಟರ್ ಹಿಡಿದು ಬಂದರು. ಅದು 42ಕ್ಕೇ ಮುಗಿಯುತ್ತದೆ! ಕೊನೆಗೆ ಮೆಕ್ಯಾನಿಕ್ ಹತ್ತಿರ ಬೇರೆಯದನ್ನು ತಂದೆವು. 83 ದಾಟುತ್ತಿದ್ದಂತೆ ವಾಲ್ವ್ ಸಣ್ಣಗೆ ತುಟಿ ಬಿಚ್ಚಿತು. ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ತೇಲುತ್ತಿತ್ತು. ಅಕ್ಕ ಬಗ್ಗಿ ನೋಡಿದಳು. "ಈ ಪಾತ್ರೆ ನೀವೇ ಇಟ್ಕೊಳ್ಳಿ. ನಂಗೆ ಹೊಸದು ತನ್ನಿ."

ಹಳೆಯದು ಗಟ್ಟಿಮುಟ್ಟಾಗಿಯೇ ಇತ್ತು. ಆದರೂ ದುಡ್ಡು ಕೊಟ್ಟಾಗಿದೆಯಲ್ಲ, 71 ಕೂತಿತು. ಕೂರಿಸುವಾಗ ಕ್ಲೀನರ್ ಹುಡುಗ ರೇಡಿಯೇಟರಿನ ಮುಂದೆ ಟಾರ್ಚ್ ಬಿಟ್ಟ. ರೆಕ್ಕೆಗಳ ಸಂದಿಯಲ್ಲಿ ಭತ್ತದ ಹೊಟ್ಟು, ಸತ್ತ ಹುಳು, ಕೆಂಪು ಧೂಳು ಸೇರಿ ಕಂಬಳಿ ನೇಯ್ದಿದ್ದವು. ಗಾಳಿ ಆಡಲು ಜಾಗವೆಲ್ಲಿ? ಫ್ಯಾನಿನ ಕಡೆಯಿಂದ ಪೈಪು ಹಿಡಿದ. ಅರ್ಧ ಬಾಣಲೆ ಕಸ ಉದುರಿತು.

ಮುಂದಿನ ಲೋಡಿಗೆ ಮುಳ್ಳು ಅರ್ಧ ದಾಟಲಿಲ್ಲ. ಭಾವ ಸಕಲೇಶಪುರದಿಂದಲೇ ಫೋನ್ ಮಾಡಿದರು. "ನೋಡಿದ್ಯಾ? 71ರ ಮಹಿಮೆ!" ಹೊಟ್ಟಿನ ವಿಷಯ ಎತ್ತಿದರೆ, "ಅದೆಲ್ಲ ಸುಮ್ನೆ" ಅನ್ನುತ್ತಾರೆ. ಈಗ ಊರಿಗೆಲ್ಲ 71 ಹಾಕಿಸುತ್ತಿದ್ದಾರೆ.

ಮೊನ್ನೆ ಹೊಸ ದೂರು ತಂದರು. ಚಳಿಗೆ ಎಂಜಿನ್ ಬಿಸಿಯೇ ಏರುತ್ತಿಲ್ಲವಂತೆ, ಡೀಸೆಲ್ ಜಾಸ್ತಿ ಕುಡಿಯುತ್ತಿದೆಯಂತೆ. 71 ಬೇಗ ತೆರೆದುಕೊಳ್ಳುವುದಕ್ಕೇ ಹೀಗೆ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಪಂಕ್ಚರ್ ಅಂಗಡಿಯಿಂದ ಪರಿಹಾರ ಬಂದಾಗಿತ್ತು: "ಇಂಜೆಕ್ಟರ್ ಬದಲಾಯಿಸಿ ಸಾರ್."