ಚೆಂಡನ್ನು ಬಿಟ್ಟು ಐವರನ್ನು ನೋಡಬೇಕು

ಫಿಲಡೆಲ್ಫಿಯಾದ ಹೊರವಲಯಕ್ಕೆ ಬಂದು ನೆಲೆಸಿ ಹದಿನೆಂಟು ವರ್ಷಗಳಾದರೂ, ಅಮೆರಿಕನ್ ಫುಟ್‌ಬಾಲ್ ತಂಡವೊಂದರ ಆಫೆನ್ಸಿವ್ ಲೈನ್, ಅಂದರೆ ಚೆಂಡು ಎಸೆಯುವವನ ಮುಂದೆ ನಿಂತು ಅವನನ್ನು ಕಾಯುವ ಐವರ ಸಾಲು, ಎಷ್ಟು ಚೆನ್ನಾಗಿದೆ ಎಂದು ಅಳೆಯುವ ವಿಷಯದಲ್ಲಿ ನನಗೂ ಇಲ್ಲಿನ ನನ್ನ ಕನ್ನಡ ಗೆಳೆಯರಿಗೂ ಇನ್ನೂ ಒಮ್ಮತ ಮೂಡಿಲ್ಲ. ಚೆಂಡು ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಎಷ್ಟು ಸಲ ಸ್ಯಾಕ್ ಆದ, ಅಂದರೆ ಚೆಂಡನ್ನು ಎಸೆಯುವ ಮೊದಲೇ ಎಷ್ಟು ಸಲ ನೆಲಕ್ಕುರುಳಿದ ಎಂಬ ಒಂದು ಅಂಕಿಯನ್ನು ಮುಂದಿಟ್ಟು ಅವರು ತೀರ್ಪು ಕೊಟ್ಟುಬಿಡುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ಮಾಡುತ್ತಿದ್ದೆ. ಅದು ತಪ್ಪು ಅಳತೆ ಎಂದು ಈಗ ನನಗೆ ಖಚಿತವಾಗಿದೆ.

ಈ ಅಭ್ಯಾಸ ನಮಗೆ ಎಲ್ಲಿಂದ ಬಂತೆಂಬುದು ನನಗೆ ಗೊತ್ತು. ನಾವು ಕ್ರಿಕೆಟ್‌ನ ಸ್ಕೋರ್ ಪುಸ್ತಕ ನೋಡಿ ಬೆಳೆದವರು. ಅಲ್ಲಿ ಪ್ರತಿ ಚೆಂಡೂ ಒಬ್ಬ ಬೌಲರ್‌ನ ಲೆಕ್ಕಕ್ಕೂ ಒಬ್ಬ ಬ್ಯಾಟ್ಸ್‌ಮನ್‌ನ ಲೆಕ್ಕಕ್ಕೂ ಸೇರುತ್ತದೆ, ಹಿಡಿದ ಕ್ಯಾಚಿಗೂ ಹೆಸರಿದೆ. ಆಫೆನ್ಸಿವ್ ಲೈನ್‌ನ ಐವರಿಗೆ ಅಂಥ ಖಾತೆಯೇ ಇಲ್ಲ. ನಡುವೆ ಸೆಂಟರ್, ಅವನ ಎರಡೂ ಮಗ್ಗುಲಲ್ಲಿ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಇಲ್ಲಿ ಒಂದು ಆಟ ಎಂದರೆ ಇಡೀ ಪಂದ್ಯವಲ್ಲ, ಚೆಂಡು ಹೊರಟಾಗಿನಿಂದ ನಿಲ್ಲುವವರೆಗಿನ ಒಂದು ಸರದಿ. ಎಸೆಯುವ ಆಟದಲ್ಲಿ ಎದುರಾಳಿಗಳನ್ನು ತಡೆದು ನಿಲ್ಲಿಸುವುದು, ಓಡುವ ಆಟದಲ್ಲಿ ಅವರನ್ನು ಸರಿಸಿ ದಾರಿ ಮಾಡಿಕೊಡುವುದು ಇವರ ಕೆಲಸ. ಅಂಕಿಅಂಶದ ಹಾಳೆಯಲ್ಲಿ ಇವರ ಹೆಸರು ಕಾಣುವುದು ಹೆಚ್ಚಾಗಿ ತಪ್ಪು ಮಾಡಿದಾಗ ಮಾತ್ರ: ಎದುರಾಳಿಯನ್ನು ಅಕ್ರಮವಾಗಿ ಹಿಡಿದುಕೊಂಡರೆ ಹತ್ತು ಗಜ ದಂಡ, ಚೆಂಡು ಹೊರಡುವ ಮೊದಲೇ ಅಲುಗಾಡಿದರೆ ಐದು ಗಜ. ಎಣಿಸಲು ಬೇರೇನೂ ಸಿಗದಿದ್ದಾಗ ನಾವು ಸ್ಯಾಕ್‌ಗೆ ಜೋತುಬೀಳುತ್ತೇವೆ.

ಆದರೆ ಸ್ಯಾಕ್‌ಗೆ ಕಾರಣರಾಗುವವರು ಹಲವರು. ಚೆಂಡನ್ನು ಬೇಗ ಬಿಟ್ಟುಕೊಡುವ ಕ್ವಾರ್ಟರ್‌ಬ್ಯಾಕ್ ಸಾಧಾರಣ ಲೈನನ್ನೂ ಒಳ್ಳೆಯದಾಗಿ ತೋರಿಸುತ್ತಾನೆ. 2009ರಲ್ಲಿ ಪೇಟನ್ ಮ್ಯಾನಿಂಗ್ ಇಡೀ ಋತುವಿನಲ್ಲಿ ಹತ್ತೇ ಸಲ ಸ್ಯಾಕ್ ಆದರು, ಅದರಲ್ಲಿ ಅವರ ಕಣ್ಣಿನ ಚುರುಕಿನ ಪಾಲು ದೊಡ್ಡದು. ನಮ್ಮ ಫಿಲಡೆಲ್ಫಿಯಾ ತಂಡವಾದ ಈಗಲ್ಸ್‌ನ ಜೇಲನ್ ಹರ್ಟ್ಸ್ ಇದಕ್ಕೆ ವ್ಯತಿರಿಕ್ತ. ದೂರದ ಎಸೆತಕ್ಕಾಗಿ ಚೆಂಡನ್ನು ಹೆಚ್ಚು ಹೊತ್ತು ಕೈಯಲ್ಲಿಟ್ಟುಕೊಂಡು ಕಾಯುವ ಅವರು ಉರುಳಿದಾಗಲೆಲ್ಲ ಮುಂದೆ ನಿಂತವರನ್ನು ದೂರುವುದು ನ್ಯಾಯವಲ್ಲ. 2021ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಋತುವಿನ ಅಂತಿಮ ಪಂದ್ಯ, ನನ್ನ ಮಾತಿಗೆ ಇನ್ನೂ ದೊಡ್ಡ ಸಾಕ್ಷಿ. ಗಾಯದಿಂದಾಗಿ ತನ್ನ ಎರಡೂ ಟ್ಯಾಕಲ್‌ಗಳನ್ನು ಕಳೆದುಕೊಂಡಿದ್ದ ಕ್ಯಾನ್ಸಸ್ ಸಿಟಿ ತಂಡ ಅಂದು ಟ್ಯಾಂಪಾ ಬೇ ಎದುರು 31-9ರಿಂದ ಸೋತಿತು. ಅದರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಸ್ಯಾಕ್ ಆದದ್ದು ಮೂರೇ ಸಲ. ಆದರೆ ಅವರು ಒತ್ತಡಕ್ಕೆ ಸಿಕ್ಕಿದ್ದು 29 ಸಲ, ಎಸೆಯಲು ಜಾಗ ಹುಡುಕುತ್ತ ಲೈನಿನ ಹಿಂದೆಯೇ ಓಡಾಡಿದ ದೂರ 497 ಗಜ. ಅಂಕಿಯನ್ನಷ್ಟೇ ನೋಡಿದವರಿಗೆ ಆ ದಿನದ ಲೈನ್ ಪರವಾಗಿಲ್ಲ ಎನ್ನಿಸೀತು, ಆಟ ನೋಡಿದವರು ಯಾರೂ ಹಾಗೆನ್ನಲಾರರು.

ಇದಕ್ಕೆ ಪರಿಹಾರವಾಗಿ ಹೊಸ ಅಳತೆಗಳು ಬಂದಿವೆ. ಆಟಗಾರರ ಭುಜದ ಕವಚದಲ್ಲಿರುವ ಚಿಪ್‌ಗಳ ಮಾಹಿತಿಯನ್ನು ಬಳಸಿ ಕ್ರೀಡಾ ವಾಹಿನಿ ಇಎಸ್‌ಪಿಎನ್ ಒಂದು ಲೆಕ್ಕ ಮಾಡುತ್ತದೆ. ಲೈನಿನವನೊಬ್ಬ ತನ್ನ ಎದುರಾಳಿಯನ್ನು ಎರಡೂವರೆ ಸೆಕೆಂಡು ತಡೆದರೆ ಅವನಿಗೆ ಗೆಲುವು, ಇಲ್ಲವಾದರೆ ಸೋಲು. ಪ್ರೋ ಫುಟ್‌ಬಾಲ್ ಫೋಕಸ್ ಸಂಸ್ಥೆಯವರು ಪ್ರತಿ ಆಟದ ವಿಡಿಯೊ ನೋಡಿ ಆಟಗಾರನಿಗೆ -2ರಿಂದ +2ರವರೆಗೆ ಅಂಕ ಕೊಡುತ್ತಾರೆ. ಎರಡೂ ಸ್ಯಾಕ್ ಎಣಿಕೆಗಿಂತ ಎಷ್ಟೋ ಮೇಲು, ನಾನೂ ಪ್ರತಿ ವಾರ ನೋಡುತ್ತೇನೆ. ಆದರೂ ಇವು ಮತ್ತೆ ಐದು ಬೇರೆ ಬೇರೆ ಖಾತೆಗಳನ್ನೇ ತೆರೆಯುತ್ತವೆ. ತುದಿಯಲ್ಲಿ ಒಬ್ಬಂಟಿಯಾಗಿ ಸೆಣಸಿದ ಟ್ಯಾಕಲ್‌ಗೂ ಸೆಂಟರ್‌ನ ಭುಜದ ಆಸರೆ ಪಡೆದ ಗಾರ್ಡ್‌ಗೂ ಅಲ್ಲಿ ಒಂದೇ ಬಗೆಯ ಗೆಲುವು. ಇಂಥವನನ್ನು ನೀನೇ ತಡೆಯಬೇಕು ಎಂದು ಆ ಆಟಕ್ಕೆ ಮೊದಲು ಅವರೊಳಗೆ ಏನು ಮಾತಾಗಿತ್ತು ಎಂಬುದು ಹೊರಗಿನವರಿಗೆ ಪೂರ್ತಿ ತಿಳಿಯುವುದೂ ಇಲ್ಲ.

ನನ್ನ ನೋಟವನ್ನು ತಿದ್ದಿದವರು ಪಕ್ಕದ ಮನೆಯ ಹಿರಿಯರು. ಅವರು ಒಂದು ಕಾಲಕ್ಕೆ ಹೈಸ್ಕೂಲ್ ಹುಡುಗರಿಗೆ ಲೈನ್ ಆಟ ಕಲಿಸಿದವರು. ಒಂದು ಭಾನುವಾರ ಸಂಜೆ ಟಿವಿಯಲ್ಲಿ ಆಟವೊಂದನ್ನು ಹಿಂದಕ್ಕೆ ತಿರುಗಿಸಿ, ಚೆಂಡು ಹೋಗುವ ಜಾಗಕ್ಕೆ ತಮ್ಮ ಅಂಗೈಯನ್ನು ಅಡ್ಡ ಹಿಡಿದು, ಲೆಫ್ಟ್ ಗಾರ್ಡ್‌ನನ್ನು ಮಾತ್ರ ನೋಡು ಎಂದರು. ಎದುರಾಳಿಗಳಿಬ್ಬರು ಜಾಗ ಅದಲುಬದಲು ಮಾಡಿಕೊಂಡು ನುಗ್ಗುತ್ತಿದ್ದರು, ಇಲ್ಲಿ ಅದನ್ನು ಸ್ಟಂಟ್ ಎನ್ನುತ್ತಾರೆ. ಗಾರ್ಡ್ ತನ್ನೆದುರಿಗಿದ್ದವನ ಪಕ್ಕೆಗೆ ಒಂದು ಕೈ ಒತ್ತಿ, ಅವನನ್ನು ಟ್ಯಾಕಲ್‌ನ ಎದೆಗೆ ದಾಟಿಸಿ, ಅದೇ ಗಳಿಗೆಯಲ್ಲಿ ತಲೆ ತಿರುಗಿಸಿ, ಸುತ್ತಿಕೊಂಡು ಬರುತ್ತಿದ್ದ ಎರಡನೆಯವನಿಗೆ ಎದುರಾಗಿ ನಿಂತಿದ್ದ. ಇಬ್ಬರ ನಡುವೆ ಒಂದು ಮಾತಿಲ್ಲ, ಸನ್ನೆಯಿಲ್ಲ. ಅದೇ ಆಟವನ್ನು ನಾನು ಎರಡು ಸಲ ನೋಡಿದ್ದರೂ ಅಲ್ಲಿ ಏನಾದರೂ ನಡೆಯಿತೆಂದೇ ನನಗೆ ಅನ್ನಿಸಿರಲಿಲ್ಲ.

ಅದನ್ನು ನೋಡಿದಾಗ ನನಗೆ ನೆನಪಾದದ್ದು ಕ್ರಿಕೆಟ್ ಅಲ್ಲ, ಕಬಡ್ಡಿ. ನಮ್ಮ ಶಾಲೆಯ ಮೈದಾನದಲ್ಲಿ ಕಾಲು ಹಿಡಿದವನಿಗೆ ಶಹಬ್ಬಾಸ್ ಸಿಗುತ್ತಿತ್ತು, ಆದರೆ ರೈಡರ್ ತಪ್ಪಿಸಿಕೊಂಡು ಹೋಗುತ್ತಿದ್ದುದು ಯಾವಾಗಲೂ ಸರಪಳಿಯಲ್ಲಿ ಇಬ್ಬರ ಕೈ ಬಿಟ್ಟುಹೋದ ಜಾಗದಲ್ಲಿ. ಲೈನಿನ ಕಥೆಯೂ ಅದೇ. ಅಲ್ಲಿ ಅತಿ ಬಲಶಾಲಿಯಾದವನನ್ನು ನೋಡಿದರೆ ಹೆಚ್ಚೇನೂ ತಿಳಿಯದು, ಅತಿ ದುರ್ಬಲನನ್ನೂ ಅವನ ಅಕ್ಕಪಕ್ಕದವರು ಅವನಿಗಾಗಿ ಏನು ಮಾಡುತ್ತಿದ್ದಾರೆಂಬುದನ್ನೂ ನೋಡಬೇಕು. ಕ್ಲೀವ್‌ಲ್ಯಾಂಡ್‌ನ ಜೋ ಥಾಮಸ್ 2007ರಿಂದ 2017ರವರೆಗೆ ಒಂದನ್ನೂ ತಪ್ಪಿಸದೆ ಸತತ 10,363 ಆಟಗಳಲ್ಲಿ ಲೆಫ್ಟ್ ಟ್ಯಾಕಲ್ ಆಗಿ ನಿಂತವರು, 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದವರು. ಆ ಸ್ಥಾನದಲ್ಲಿ ಅವರಷ್ಟು ಶುದ್ಧವಾಗಿ ಆಡಿದವರು ಕಡಿಮೆ. ಆದರೂ ಅವರ ತಂಡ ಆ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಒಬ್ಬ ಮಹಾನ್ ಟ್ಯಾಕಲ್ ಇದ್ದಮಾತ್ರಕ್ಕೆ ಲೈನ್ ಗಟ್ಟಿಯಾಗುವುದಿಲ್ಲ ಎಂಬುದಂತೂ ಸ್ಪಷ್ಟ.

ಕ್ಯಾನ್ಸಸ್ ಸಿಟಿಯವರು 2021ರ ಸೋಲಿನ ನಂತರ ಒಬ್ಬನನ್ನು ತಂದು ಸುಮ್ಮನಾಗಲಿಲ್ಲ. ಗಾರ್ಡ್ ಜೋ ಥೂನಿ, ಟ್ಯಾಕಲ್ ಆರ್ಲ್ಯಾಂಡೊ ಬ್ರೌನ್, ಹೊಸಬರಾದ ಸೆಂಟರ್ ಕ್ರೀಡ್ ಹಂಫ್ರಿ ಮತ್ತು ಗಾರ್ಡ್ ಟ್ರೇ ಸ್ಮಿತ್ ಎಲ್ಲರೂ ಅದೇ ವರ್ಷ ಬಂದರು. 2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಆ ಋತುವಿನಲ್ಲಿ 70 ಸ್ಯಾಕ್ ಗಳಿಸಿದ್ದ ನಮ್ಮ ಈಗಲ್ಸ್ ಅವರೆದುರು ಒಂದೇ ಒಂದು ಸ್ಯಾಕ್ ಗಳಿಸಲಾಗದೆ 38-35ರಿಂದ ಸೋತಿತು. ನನ್ನ ಊರಿನ ತಂಡದ ಸೋಲಾದರೂ ನಾನು ಕಂಡ ಲೈನ್ ಆಟಗಳಲ್ಲಿ ಅದು ಅತ್ಯುತ್ತಮವಾದದ್ದು. ಎರಡು ವರ್ಷಗಳ ನಂತರ ಇದೇ ತಂಡಗಳು ಮತ್ತೆ ಎದುರಾದವು. ಅಷ್ಟರಲ್ಲಿ ಲೆಫ್ಟ್ ಟ್ಯಾಕಲ್ ಸ್ಥಾನಕ್ಕೆ ಸರಿಯಾದವರು ಸಿಗದೆ ಥೂನಿಯವರನ್ನೇ ಗಾರ್ಡ್ ಜಾಗದಿಂದ ಅಲ್ಲಿಗೆ ಸರಿಸಲಾಗಿತ್ತು. ಒಂದು ತೂತು ಮುಚ್ಚಲು ಹೋಗಿ ಎರಡು ಜಾಗಗಳು ಸಡಿಲವಾದವು. ಈಗಲ್ಸ್ ಬ್ಲಿಟ್ಜ್ ಮಾಡದೆ, ಅಂದರೆ ಹೆಚ್ಚಿನವರನ್ನು ನುಗ್ಗಿಸದೆ, ಮುಂಚೂಣಿಯ ನಾಲ್ವರಿಂದಲೇ ಮಹೋಮ್ಸ್‌ರನ್ನು ಆರು ಸಲ ಕೆಡವಿ 40-22ರಿಂದ ಗೆದ್ದಿತು.

ಓಟದ ಆಟವನ್ನು ಅಳೆಯುವುದು ಇನ್ನೂ ಕಷ್ಟ. ಆದರೆ ಲೈನಿನ ನಿಜವಾದ ಬಲ ಹೆಚ್ಚು ತೋರುವುದು ಅಲ್ಲೇ ಎಂದು ನನ್ನ ಅಭಿಪ್ರಾಯ. ಚೆಂಡು ಹಿಡಿದು ಓಡುವ ಸಕ್ವಾನ್ ಬಾರ್ಕ್ಲಿ 2023ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ಪರವಾಗಿ 962 ಗಜ ಓಡಿದರು, ಮರುವರ್ಷ ಈಗಲ್ಸ್‌ಗೆ ಬಂದು 2,005 ಗಜ. ಓಡಿದವರು ಅವರೇ, ಅವರ ಮುಂದಿದ್ದ ಐವರು ಬೇರೆ. ಆ ಐವರಲ್ಲಿ ಲೆಫ್ಟ್ ಟ್ಯಾಕಲ್ ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಿಂದ ಬಂದವರು. 2018ರಲ್ಲಿ ತಂಡ ಅವರನ್ನು ಆರಿಸಿದಾಗ ಅವರು ಈ ಆಟದ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆಗಿನ ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವರ ಕೈಯಲ್ಲಿ ಅವರು ತಯಾರಾದ ಬಗೆಯನ್ನು ಯಾವ ಅಂಕಿಯೂ ಹೇಳದು. ಓಟದ ಶ್ರೇಯವನ್ನು ಹಂಚಲು ಫುಟ್‌ಬಾಲ್ ಔಟ್‌ಸೈಡರ್ಸ್ ಎಂಬ ಅಂಕಿಅಂಶದ ಜಾಲತಾಣದವರು ಮಾಡಿದ್ದ ಸೂತ್ರ ನನಗೆ ಹಿಡಿಸಿದೆ: ಮೊದಲ ನಾಲ್ಕು ಗಜಗಳು ಪೂರ್ತಿ ಲೈನಿನ ಲೆಕ್ಕಕ್ಕೆ, ಐದರಿಂದ ಹತ್ತರವರೆಗೆ ಅರ್ಧ, ಅದರಾಚೆಗಿನದು ಓಡಿದವನದೇ. ಓಟ ಹಿಂದಕ್ಕೆ ಹೋದರೆ ಲೈನಿಗೆ ಶೇ 120ರಷ್ಟು ಹೊಣೆ. ಹೊಲ ಉತ್ತವನಿಗೂ ಫಸಲು ಹೊತ್ತವನಿಗೂ ಅವರವರ ಪಾಲು ಕೊಡುವ ಈ ಲೆಕ್ಕ ನನಗೆ ನ್ಯಾಯವಾಗಿ ಕಾಣುತ್ತದೆ.

ಆದ್ದರಿಂದ ಈಗ ನಾನು ಒಂದು ತಂಡದ ಲೈನ್ ಬಗ್ಗೆ ಮಾತಾಡುವ ಮೊದಲು, ಅದೇ ಐವರು ಎಷ್ಟು ವಾರ ಒಟ್ಟಿಗೆ ಆಡಿದ್ದಾರೆ ಮತ್ತು ಓಡುವವನಿಗೆ ಎದುರಾಳಿಯ ಮೊದಲ ಕೈ ತಾಗುವುದು ಎಲ್ಲಿ ಎಂದು ನೋಡುತ್ತೇನೆ. ಎದುರಿಗೆ ಯಾರೂ ಬಾರದಿದ್ದಾಗ ಗಾರ್ಡ್ ಏನು ಮಾಡುತ್ತಾನೆ ಎಂಬುದನ್ನಂತೂ ತಪ್ಪದೆ ಗಮನಿಸುತ್ತೇನೆ, ಒಳ್ಳೆಯ ಲೈನಿನಲ್ಲಿ ಅವನು ಸುಮ್ಮನೆ ನಿಲ್ಲದೆ ಪಕ್ಕದವನ ನೆರವಿಗೆ ಹೋಗುತ್ತಾನೆ. ಇದನ್ನೆಲ್ಲ ಸರಿಯಾಗಿ ಕಾಣಬೇಕಾದರೆ ಮೈದಾನದ ತುದಿಯಲ್ಲಿರುವ ಎಂಡ್‌ ಝೋನ್‌ನ ಹಿಂದಿನಿಂದ, ಎತ್ತರದಿಂದ ತೆಗೆದ ಚಿತ್ರ ಬೇಕು. ನೇರ ಪ್ರಸಾರದಲ್ಲಿ ಹೆಚ್ಚಾಗಿ ಸಿಗುವುದು ಮೈದಾನದ ಪಕ್ಕದಿಂದ ತೆಗೆದ ಚಿತ್ರ, ಅದರಲ್ಲಿ ಐವರೂ ಒಬ್ಬರ ಹಿಂದೊಬ್ಬರು ಮರೆಯಾಗಿ ಒಂದೇ ಗುಂಪಾಗಿ ಕಾಣುತ್ತಾರೆ. ಎಂಡ್‌ ಝೋನ್‌ ಚಿತ್ರ ಪಂದ್ಯ ಮುಗಿದ ಮೇಲೆ ಚಂದಾದಾರರಿಗೆ ಸಿಗುತ್ತದೆ. ನಾನು ಮತ್ತು ಪಕ್ಕದ ಮನೆಯವರು ಮಂಗಳವಾರ ರಾತ್ರಿ ಊಟದ ನಂತರ ಅದನ್ನು ಹಾಕಿಕೊಂಡು, ಒಂದು ಆಟವನ್ನು ಐದು ಸಲ, ಒಬ್ಬೊಬ್ಬರಿಗೆ ಒಂದು ಸಲದಂತೆ ನೋಡುತ್ತೇವೆ.